ನೂರು ಮನೆಗಳ ಹೊಣೆ: ಚುನಾವಣೆಯಲ್ಲಿ ಸ್ವಯಂಸೇವಕರ ಕೆಲಸ



ಪ್ರಜಾಪ್ರಭುತ್ವದ ಬಗ್ಗೆ ದತ್ತಿ ಉಪನ್ಯಾಸವೆಂದರೆ ಸಂವಿಧಾನ, ತತ್ತ್ವ, ಇತಿಹಾಸ ಎಂದು ದೊಡ್ಡ ಹರವು ಸಿಗುತ್ತದೆ. ನಾನು ಅದರ ಒಂದು ಸಣ್ಣ ಮೂಲೆಯನ್ನು ಮಾತ್ರ ಎತ್ತಿಕೊಂಡಿದ್ದೇನೆ. ದಿನಗೂಲಿ ಪಡೆಯದೆ, ಹುದ್ದೆ ಬಯಸದೆ, ತಾವು ನಂಬಿದ ಅಭ್ಯರ್ಥಿಗಾಗಿ ಬೀದಿಗಿಳಿಯುವ ಸ್ವಯಂಸೇವಕರು ತಮ್ಮ ಶ್ರಮವನ್ನು ಎಲ್ಲಿ ಹಾಕಬೇಕು? ಆ ಅಭ್ಯರ್ಥಿ ಯಾವ ಪಕ್ಷದವರು, ಅಥವಾ ಪಕ್ಷೇತರರೇ ಎಂಬುದು ಇಂದಿನ ಮಾತಿಗೆ ಹೊರಗಿನದು. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಬೇರೆ ಬೇರೆ ಒಲವಿನವರಿದ್ದೀರಿ. ಎಲ್ಲರಿಗೂ ಉಪಯೋಗವಾಗುವಂತೆ ಮಾತನಾಡುತ್ತೇನೆ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡಿಲ್ಲದ ಪ್ರಚಾರಕ್ಕೆ ಇರುವ ಒಂದೇ ಬಂಡವಾಳ ಜನರ ಸಮಯ. ಆ ಸಮಯವನ್ನು ಮೆರವಣಿಗೆ, ಬೈಕ್ ರ್‍ಯಾಲಿಗಳಿಗೆ ಸುರಿದರೆ ಅದು ಹಣವಂತರ ಆಟವನ್ನು ಕಡಿಮೆ ಹಣದಲ್ಲಿ ಆಡಿದಂತೆ; ಸೋಲು ಖಚಿತ. ಅದೇ ಸಮಯವನ್ನು ಒಬ್ಬೊಬ್ಬರು ತಮ್ಮದೇ ಮತಗಟ್ಟೆಯ ನೂರು ಮನೆಗಳಿಗೆ ಕೊಟ್ಟರೆ, ಹಣದಿಂದ ಆಗದ ಕೆಲಸ ಆಗುತ್ತದೆ.

ಒಂದು ಮತದಿಂದ ಏನಾದೀತು ಎಂದು ಕೇಳುವವರಿಗೆ ಕರ್ನಾಟಕದಲ್ಲೇ ಉತ್ತರವಿದೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂದವು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರು ಚಾಲಕನಿಗೇ ಅಂದು ಮತ ಹಾಕಲು ಬಿಡುವು ಸಿಕ್ಕಿರಲಿಲ್ಲ ಎಂಬ ಮಾತು ಅಂದಿನಿಂದಲೂ ಚಾಲ್ತಿಯಲ್ಲಿದೆ. 2023ರಲ್ಲಿ ಬೆಂಗಳೂರಿನ ಜಯನಗರದ ಫಲಿತಾಂಶ ಘೋಷಣೆಯಾದದ್ದು 16 ಮತಗಳ ಅಂತರದಲ್ಲಿ. ಗಾಂಧಿನಗರದಲ್ಲಿ ಅಂತರ 105, ಶೃಂಗೇರಿಯಲ್ಲಿ 201. ಹದಿನಾರು ಮತವೆಂದರೆ ಒಂದು ಅಪಾರ್ಟ್‌ಮೆಂಟಿನ ಒಂದೇ ಮಹಡಿ. ಆದ್ದರಿಂದ ಯಾವ ತಂಡಕ್ಕಾದರೂ ನನ್ನ ಮೊದಲ ಸಲಹೆ ಇದು: ನಿಮ್ಮ ಕಾರ್ಯಕರ್ತರು, ಅವರ ಮನೆಯವರು, ವಾಹನ ಓಡಿಸುವವರು, ಅಡುಗೆ ಮಾಡುವವರು, ಇವರೆಲ್ಲ ಎಲ್ಲಿ, ಎಷ್ಟು ಗಂಟೆಗೆ ಮತ ಹಾಕುತ್ತಾರೆ ಎಂಬುದನ್ನು ಮೊದಲು ಬರೆದಿಡಿ. ಬೇರೆ ಕ್ಷೇತ್ರದಲ್ಲಿ ಮತವಿರುವವರನ್ನು ಅಲ್ಲಿಗೆ ಕಳುಹಿಸಿಕೊಡಿ. ಕೆಲಸಗಾರರಿಗೆ ಅಂದು ವೇತನಸಹಿತ ರಜೆ ಕೊಡಬೇಕೆಂದು ಜನಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಪ್ರಚಾರ ಕಚೇರಿಯೂ ಅದಕ್ಕೆ ಹೊರತಾಗಬಾರದು.

ದುಡ್ಡಿಲ್ಲದೆ ಜನರ ಬಲದಿಂದಲೇ ಪ್ರಚಾರ ನಡೆಸುವುದು ಹೊಸ ದಾರಿಯೇನೂ ಅಲ್ಲ. ಗೇಣಿದಾರರ ಕಾಗೋಡು ಸತ್ಯಾಗ್ರಹದ ಮರುವರ್ಷ, 1952ರಲ್ಲಿ, ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿ ಬಂದರು. ಕೈಯಲ್ಲಿ ಕಾಸಿಲ್ಲದ ಸಮಾಜವಾದಿ ತರುಣನಿಗೆ ಗೇಣಿದಾರರೇ ಬೆನ್ನೆಲುಬಾದರು. ಒಂದು ಓಟು, ಒಂದು ನೋಟು ಎಂಬ ಘೋಷಣೆ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಮುಂದೆ ರೈತ ಚಳವಳಿಯ ಅಭ್ಯರ್ಥಿಗಳು ನಿಂತಾಗಲೂ ಹಳ್ಳಿಯವರೇ ಚಂದಾ ಎತ್ತಿ ಪ್ರಚಾರ ನಡೆಸಿದ್ದುಂಟು. ನೋಟು ಕೊಟ್ಟವನು ಓಟು ಹಾಕದೆ ಇರಲಾರ. ಇವತ್ತಿಗೂ ಹತ್ತು ರೂಪಾಯಿಯನ್ನಾದರೂ ರಸೀದಿ ಕೊಟ್ಟು ಕೇಳುವ ತಂಡಕ್ಕೆ ಜನರ ಕಣ್ಣಿನಲ್ಲಿ ಬೇರೆಯೇ ತೂಕ ಬರುತ್ತದೆ. ಆ ರಸೀದಿ ಪುಸ್ತಕವನ್ನು ಅಚ್ಚುಕಟ್ಟಾಗಿ ಇಡಬೇಕು. ಲೆಕ್ಕ ಅಭ್ಯರ್ಥಿಯ ಏಜೆಂಟರ ಕೈಗೆ ದಿನವೂ ಸೇರಬೇಕು.

ಇನ್ನು ಕೆಲಸಕ್ಕೆ ಬರೋಣ.

ಎಲ್ಲಕ್ಕೂ ಮೊದಲು ಮತದಾರರ ಪಟ್ಟಿ. ಚುನಾವಣೆ ಘೋಷಣೆಯಾದ ಮೇಲೆ ಎಚ್ಚೆತ್ತುಕೊಳ್ಳುವ ತಂಡ ಅರ್ಧ ಸೋತ ಹಾಗೆ. ಏಕೆಂದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಪಟ್ಟಿಯಲ್ಲಿ ಒಂದು ಹೆಸರೂ ಕೂಡುವುದಿಲ್ಲ, ಕಳೆಯುವುದಿಲ್ಲ. ಅರ್ಜಿ ವಿಚಾರಣೆಗೆ ಬೇಕಾದ ದಿನಗಳನ್ನು ಕಳೆದರೆ ನಿಜವಾದ ಗಡುವು ಇನ್ನೂ ಮುಂಚೆಯೇ ಮುಗಿದಿರುತ್ತದೆ. ಹೊಸ ಹೆಸರಿಗೆ ನಮೂನೆ 6, ತೆಗೆಯಲು ಅಥವಾ ಆಕ್ಷೇಪಿಸಲು ನಮೂನೆ 7, ವಿಳಾಸ ಬದಲಾವಣೆಗೆ ಮತ್ತು ತಿದ್ದುಪಡಿಗೆ ನಮೂನೆ 8. ಹದಿನೆಂಟು ತುಂಬಿತೇ ಎಂದು ನೋಡಲು ಮೊದಲು ಜನವರಿ 1 ಒಂದೇ ದಿನಾಂಕವಿತ್ತು. 2022ರಿಂದ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಸೇರಿವೆ. ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಇದು ಎಷ್ಟೋ ತಂದೆತಾಯಿಗಳಿಗೆ ತಿಳಿದಿಲ್ಲ.

ಪಟ್ಟಿಯನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ಒಮ್ಮೆ ನಡೆಯಿರಿ. ತೀರಿಕೊಂಡವರ ಹೆಸರು ಉಳಿದಿರುತ್ತದೆ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ತವರಿನಲ್ಲೂ ಇರುತ್ತದೆ, ಗಂಡನ ಮನೆಯಲ್ಲಿ ಇರುವುದಿಲ್ಲ. ಬಾಡಿಗೆಯವರು ಎರಡು ಬೀದಿ ಆಚೆ ಹೋಗಿರುತ್ತಾರೆ. ಒಂದೇ ಮನೆಯ ಗಂಡ ಹೆಂಡತಿಯ ಹೆಸರು ಎರಡು ಮತಗಟ್ಟೆಗಳಲ್ಲಿ ಹಂಚಿಹೋಗಿರುವುದನ್ನು ನಗರಗಳಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ನಿಮ್ಮ ಭಾಗದ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಯಾರೆಂದು ತಿಳಿದುಕೊಳ್ಳಿ. ಹೆಚ್ಚಿನ ಕಡೆ ಅವರು ಶಾಲೆಯ ಮೇಷ್ಟ್ರೋ ಅಂಗನವಾಡಿ ಕಾರ್ಯಕರ್ತೆಯೋ ಆಗಿರುತ್ತಾರೆ. ತಮ್ಮ ದಿನದ ಕೆಲಸದ ಮೇಲೆ ಈ ಹೊರೆ ಹೊತ್ತವರು. ಅವರ ಮೇಲೆ ದರ್ಪ ತೋರಬೇಡಿ. ಮನೆಮನೆಯ ವಿವರವನ್ನು ನೀಟಾಗಿ ಬರೆದು ಕೊಟ್ಟರೆ ಅವರಿಗೂ ಅನುಕೂಲ. ಒಂದು ಎಚ್ಚರ: ನಮ್ಮ ಅಭ್ಯರ್ಥಿಗೆ ಮತ ಹಾಕುವುದಿಲ್ಲ ಎಂದು ಅನುಮಾನವಿರುವವರ ಹೆಸರಿನ ಮೇಲೆ ಸುಳ್ಳು ನಮೂನೆ 7 ಹಾಕುವುದು ಅಪರಾಧ, ನೀಚ ಕೆಲಸವೂ ಹೌದು. ಅಂಥ ತಂಡದಲ್ಲಿ ಒಂದು ದಿನವೂ ಇರಬೇಡಿ. ಎದುರು ಪಕ್ಷದ ಮನೆಯಲ್ಲಿ ಹದಿನೆಂಟು ತುಂಬಿದ ಹುಡುಗಿಯಿದ್ದರೆ ಅವಳಿಗೂ ಅರ್ಜಿ ತುಂಬಿಸಿಕೊಡಿ.

ಈಗ ಲೆಕ್ಕ. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು, ಮತದಾರರು ಸುಮಾರು 5.3 ಕೋಟಿ. ಅಂದರೆ ಸರಾಸರಿ ಒಂದು ಬೂತಿಗೆ ಒಂಬತ್ತು ನೂರು ಮತದಾರರು. ಮನೆಗಳಲ್ಲಿ ಹೇಳುವುದಾದರೆ ಇನ್ನೂರೈವತ್ತರಿಂದ ಮುನ್ನೂರು. ಆ ವರ್ಷ ನಾಮಪತ್ರ ಹಿಂತೆಗೆತಕ್ಕೆ ಏಪ್ರಿಲ್ 24 ಕೊನೆಯ ದಿನ, ಮತದಾನ ಮೇ 10; ಬಹಿರಂಗ ಪ್ರಚಾರಕ್ಕೆ ಸಿಕ್ಕದ್ದು ಎರಡು ವಾರ. ಕೆಲಸದಿಂದ ಬಂದ ಮೇಲೆ ಸಂಜೆ ಎರಡು ಗಂಟೆ ಓಡಾಡುವ ವ್ಯಕ್ತಿ ಮಾತು ಕೆಡಿಸಿಕೊಳ್ಳದೆ ಹನ್ನೆರಡು ಮನೆ ಮುಗಿಸಬಲ್ಲರು. ಎಂಟು ಒಂಬತ್ತು ಸಂಜೆಗೆ ನೂರು ಮನೆ. ಮೂವರು ಕೈಹಾಕಿದರೆ ಒಂದು ಬೂತು. ಇಡೀ ಕ್ಷೇತ್ರಕ್ಕೆ ಬೇಕಾದ ಏಳೆಂಟು ನೂರು ಜನ ಸಿಗದಿದ್ದರೆ ಸಿಕ್ಕಷ್ಟು ಬೂತುಗಳನ್ನು ಪೂರ್ತಿ ಮಾಡಿ. ಎಲ್ಲ ಬೂತಿನಲ್ಲೂ ಹತ್ತು ಹತ್ತು ಮನೆ ಮುಟ್ಟಿ ಬರುವುದರಿಂದ ಯಾರಿಗೂ ಏನೂ ಆಗದು. ಗ್ರಾಮ ಪಂಚಾಯಿತಿಯಲ್ಲಂತೂ ಇದು ಇನ್ನೂ ಸಲೀಸು. ಅಲ್ಲಿ ಸುಮಾರು ನಾನೂರು ಜನಸಂಖ್ಯೆಗೆ ಒಬ್ಬ ಸದಸ್ಯ, ಪಕ್ಷದ ಚಿಹ್ನೆಯೂ ಇಲ್ಲ. ಚುನಾವಣಾ ಕೆಲಸ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದೇ ನನ್ನ ಅಭಿಪ್ರಾಯ.

ಬಾಗಿಲ ಮುಂದೆ ನಿಂತು ಆಡುವ ಮಾತಿನ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ. ಇಡೀ ಕೆಲಸದ ಜೀವ ಅಲ್ಲಿದೆ.

ಹೋಗುವವರು ಇಬ್ಬರಿರಲಿ, ಒಬ್ಬರು ಹೆಂಗಸು. ನಾಲ್ಕು ಜನ ಗೇಟಿನ ಮುಂದೆ ನಿಂತರೆ ಒಳಗಿನ ಅಜ್ಜಿ ಹೆದರಿ ಬಾಗಿಲು ಹಾಕಿಕೊಳ್ಳುತ್ತಾರೆ. ಹಳ್ಳಿಯಲ್ಲಿ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೊತ್ತು, ಹೊಲಕ್ಕೆ ಹೊರಡುವ ಹೊತ್ತು ತಿಳಿದಿರಬೇಕು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ ಕಡೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮನೆ ಸೇರುವುದೇ ಏಳು ಗಂಟೆಯ ಮೇಲೆ. ಅಡುಗೆಗೆ ನಿಂತವರನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳಬೇಡಿ, ಭಾನುವಾರ ಬರುತ್ತೇನೆಂದು ಹೇಳಿ, ಹೇಳಿದಂತೆ ಹೋಗಿ. ಅಪಾರ್ಟ್‌ಮೆಂಟುಗಳಲ್ಲಿ ಸಂಘದ ಒಪ್ಪಿಗೆಯಿಲ್ಲದೆ ಕಾವಲುಗಾರರೊಂದಿಗೆ ಜಗಳಕ್ಕೆ ನಿಲ್ಲುವುದು ವ್ಯರ್ಥ. ಅಲ್ಲೇ ವಾಸವಾಗಿರುವ ಒಬ್ಬರನ್ನು ಹುಡುಕಿ. ಅವರು ನೆರೆಯವರಿಗೆ ಹೇಳುವ ಮಾತಿನ ಮುಂದೆ ನಿಮ್ಮ ಕರಪತ್ರ ಏನೂ ಅಲ್ಲ.

ಕರೆಯುವ ಮಾತು ಆ ಊರಿನದ್ದಾಗಿರಲಿ. ಮಂಡ್ಯದ ಕಡೆ ಅಕ್ಕ, ಅವ್ವ, ಅಣ್ಣ. ಧಾರವಾಡದ ಕಡೆ ಅಕ್ಕಾರ, ಕಾಕಾ. ಬೆಂಗಳೂರಿನ ಹೊಸ ಬಡಾವಣೆಯಲ್ಲಿ ಸರ್, ಮೇಡಂ. ಮೊದಲ ಮಾತಿನಲ್ಲೇ ನೀವು ಯಾರು, ಯಾವ ಬೀದಿಯವರು ಎಂದು ಹೇಳಿಬಿಡಿ. “ಅಕ್ಕ, ನಾನು ಹಿಂದಿನ ಬೀದಿಯವಳು, ಕೊನೆಯ ಮನೆ. ಚುನಾವಣೆಗೆ ಇಂಥವರ ಪರವಾಗಿ ಬಂದಿದ್ದೀನಿ. ನಮ್ಮ ಬೀದಿಯಲ್ಲಿ ಮೊದಲು ಆಗಬೇಕಾದ ಕೆಲಸ ಯಾವುದು ಅಂತ ನಿಮಗನಿಸುತ್ತೆ?” ಇಷ್ಟು ಕೇಳಿ ಸುಮ್ಮನಾಗಿ. ನೀರು, ಚರಂಡಿ, ಪಿಂಚಣಿ ನಿಂತದ್ದು, ರೇಷನ್ ಕಾರ್ಡ್ ರದ್ದಾದದ್ದು, ಮಗನಿಗೆ ಕೆಲಸವಿಲ್ಲದ್ದು ಹೊರಬರುತ್ತದೆ. ಅವರು ಹೇಳಿದ್ದನ್ನು ಅವರೆದುರಿಗೇ ಬರೆದುಕೊಳ್ಳಿ. ಆಮೇಲೆ, ಆ ವಿಷಯದಲ್ಲಿ ನಿಮ್ಮ ಅಭ್ಯರ್ಥಿಯ ನಿಲುವು ಏನೆಂದು ಎರಡು ವಾಕ್ಯದಲ್ಲಿ ಹೇಳಿ. ಗೊತ್ತಿಲ್ಲದಿದ್ದರೆ ಕೇಳಿಕೊಂಡು ಬರುತ್ತೇನೆನ್ನಿ. ಮಾಡಿಸಿಕೊಡುತ್ತೇನೆ ಎಂಬ ಮಾತು ಬಾಯಿಂದ ಬರಬಾರದು. ಅದು ನಿಮ್ಮ ಕೈಯಲ್ಲಿಲ್ಲ.

ಬೇರೆಯವರಿಗೆ ಹಾಕುತ್ತೇವೆ ಎಂದವರೊಂದಿಗೆ ವಾದಕ್ಕಿಳಿಯಬೇಡಿ. ನಮಸ್ಕಾರ ಹೇಳಿ, ತಪ್ಪದೆ ಮತ ಹಾಕಿ ಎಂದು ಹೇಳಿ, ಮುಂದಿನ ಮನೆಗೆ ಹೋಗಿ. ಗೆದ್ದ ವಾದದಿಂದ ಮತ ಬಂದದ್ದನ್ನು ನಾನು ನೋಡಿಲ್ಲ. ಹೋದ ಸಲ ನಿಮಗೆ ಹಾಕಿದ್ದೆ, ಬಂದು ಮುಖ ತೋರಿಸಲಿಲ್ಲ ಎಂದು ಬೈಯುವವರ ಎದುರು ಮಾತ್ರ ನಿಲ್ಲಬೇಕು. ಅವರು ಇನ್ನೂ ನಿಮ್ಮವರೆಂದುಕೊಂಡೇ ಬೈಯುತ್ತಿರುವುದು.

ಮುಖಾಮುಖಿ ಮಾತಿಗೆ ಎಷ್ಟು ಬಲವಿದೆ ಎಂಬುದನ್ನು ಅಳೆದು ನೋಡಿದ್ದೂ ಇದೆ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಅಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ರಾಜಕೀಯಶಾಸ್ತ್ರಜ್ಞರು ಸುಮಾರು 30 ಸಾವಿರ ಮತದಾರರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಪತ್ರ, ಕೆಲವರಿಗೆ ದೂರವಾಣಿ ಕರೆ, ಕೆಲವರ ಮನೆಗೆ ಭೇಟಿ ಏರ್ಪಡಿಸಿದರು. ಪತ್ರದಿಂದ ಮತದಾನ ಅರ್ಧ ಶೇಕಡಾ ಅಂಶದಷ್ಟು ಏರಿತು, ಬಾಡಿಗೆ ಸಂಸ್ಥೆಯ ಕರೆಗಳಿಂದ ಏನೂ ಆಗಲಿಲ್ಲ. ಬಾಗಿಲಲ್ಲಿ ಮಾತಿಗೆ ಸಿಕ್ಕವರಲ್ಲಿ ಮತದಾನ ಎಂಟು ಒಂಬತ್ತು ಶೇಕಡಾ ಅಂಶದಷ್ಟು ಹೆಚ್ಚಿತು. ಆಮೇಲೆ 2008ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಡೇವಿಡ್ ನಿಕರ್ಸನ್ ಮತ್ತು ಟಾಡ್ ರೋಜರ್ಸ್ ಇನ್ನೊಂದು ಪ್ರಯೋಗ ಮಾಡಿದರು. ಮತ ಹಾಕಿ ಎಂದಷ್ಟೇ ಹೇಳುವ ಬದಲು ಎಷ್ಟು ಗಂಟೆಗೆ ಹೋಗುತ್ತೀರಿ, ಎಲ್ಲಿಂದ ಹೋಗುತ್ತೀರಿ, ಅದಕ್ಕೆ ಮೊದಲು ಏನು ಮಾಡುತ್ತಿರುತ್ತೀರಿ ಎಂದು ಕೇಳಿದಾಗ, ಮುಖ್ಯವಾಗಿ ಮನೆಯಲ್ಲಿ ಒಬ್ಬರೇ ಮತದಾರರಿದ್ದ ಕಡೆ, ಹೆಚ್ಚು ಜನ ಮತ ಹಾಕಿದರು.

ಈ ಅಂಕಿಗಳನ್ನು ಹಾಗೆಯೇ ಇಲ್ಲಿಗೆ ತಂದುಕೊಳ್ಳಬಾರದು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81ಕ್ಕೂ ಹೆಚ್ಚು ಮತದಾನವಾಯಿತು; ಅಲ್ಲಿ ಜನ ಹೇಗೂ ಬರುತ್ತಾರೆ, ಯಾರಿಗೆ ಹಾಕುತ್ತಾರೆ ಎಂಬುದೇ ಪ್ರಶ್ನೆ. ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53. ಅಲ್ಲಿ ನಿಮ್ಮ ಪರ ಇರುವವರನ್ನು ಮನೆಯಿಂದ ಹೊರಡಿಸುವುದೇ ದೊಡ್ಡ ಕೆಲಸ, ನ್ಯೂ ಹೇವನ್ನಿನ ಪಾಠ ನೇರವಾಗಿ ಒಪ್ಪುತ್ತದೆ. ತಂಡ ತನ್ನ ಕ್ಷೇತ್ರ ಯಾವ ಬಗೆಯದು ಎಂದು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಪ್ರತಿ ಮನೆಯಿಂದ ಹೊರಬಂದ ಕೂಡಲೇ ಪಟ್ಟಿಯಲ್ಲಿ ಗುರುತು ಹಾಕಿ: ನಮ್ಮವರು, ತೀರ್ಮಾನ ಮಾಡದವರು, ಅಲ್ಲ, ಮನೆಯಲ್ಲಿ ಇರಲಿಲ್ಲ. ರಾತ್ರಿ ನೆನಪಿನಿಂದ ಬರೆದರೆ ಎಲ್ಲರೂ ನಮ್ಮವರೇ ಆಗಿಬಿಡುತ್ತಾರೆ. ಎರಡನೇ ಸುತ್ತಿಗೆ ತೀರ್ಮಾನ ಮಾಡದವರ ಮತ್ತು ಸಿಗದವರ ಮನೆ ಮಾತ್ರ. ಜಾತಿ, ಕಾಯಿಲೆ, ಮನೆಜಗಳ ಇವನ್ನೆಲ್ಲ ಆ ಕಾಗದದಲ್ಲಿ ಬರೆಯಬೇಡಿ. ಕೆಲಸ ಮುಗಿದ ಮೇಲೆ ಫೋನ್ ನಂಬರುಗಳಿರುವ ಹಾಳೆಯನ್ನು ಯಾರ ಕೈಗೂ ಕೊಡಬೇಡಿ.

ವಾಟ್ಸ್ಆ್ಯಪ್ ಬಗ್ಗೆ ಒಂದೇ ಮಾತು. ತಂಡದೊಳಗಿನ ಹೊಂದಾಣಿಕೆಗೆ ಅದು ಬೇಕು. ದಿನಕ್ಕೆ ಮೂವತ್ತು ಚಿತ್ರ ಕಳುಹಿಸಿ ಪ್ರಚಾರ ಮಾಡಿದೆನೆಂದು ತಿಳಿಯುವವರನ್ನು ಒಂದು ಬೀದಿಗೆ ಕರೆದುಕೊಂಡು ಹೋಗಿ.

ತಂಡ ನಡೆಸುವವರಿಗೆ: ಸಂಬಳವಿಲ್ಲದವರ ಸಮಯವನ್ನು ಕಾಯಿಸಿ ಕೊಲ್ಲಬೇಡಿ. ಸಂಜೆ ಆರಕ್ಕೆ ಬರಹೇಳಿ ನಾಯಕರು ಏಳೂವರೆಗೆ ಬಂದರೆ ಮರುದಿನ ಆ ಹುಡುಗರು ಬರುವುದಿಲ್ಲ. ಬಂದವರಿಗೆ ತಕ್ಷಣ ಬೀದಿಯ ಹೆಸರು, ಪಟ್ಟಿಯ ಹಾಳೆ, ಜೊತೆಗಾರರ ಹೆಸರು ಸಿಗಬೇಕು. ಮೊದಲ ದಿನ ಅನುಭವಿಗಳ ಜೊತೆ ಕಳುಹಿಸಿ. ಮಾತನಾಡಲು ಸಂಕೋಚವಿರುವವರಿಗೆ ಪಟ್ಟಿ ತಿದ್ದುವ, ಲೆಕ್ಕ ಬರೆಯುವ, ಫೋನ್ ಮಾಡುವ ಕೆಲಸವಿದೆ. ಹೆಣ್ಣುಮಕ್ಕಳು ಕತ್ತಲಾದ ಮೇಲೆ ಮನೆಗೆ ಹೇಗೆ ಮುಟ್ಟುತ್ತಾರೆ ಎಂಬುದು ನಾಯಕರ ಜವಾಬ್ದಾರಿ. ಕೆಲಸ ಮುಗಿದ ಮೇಲೆ ಹತ್ತು ನಿಮಿಷ ಕುಳಿತು ಚಹಾ ಕುಡಿಯುತ್ತಾ ಇಂದು ಜನ ಏನು ಹೇಳಿದರು ಎಂದು ಕೇಳಿ, ಅದನ್ನು ಅಭ್ಯರ್ಥಿಗೆ ಮುಟ್ಟಿಸಿ. ತನ್ನ ಮಾತು ಮೇಲಕ್ಕೆ ಹೋಗುತ್ತದೆ ಎಂದು ಗೊತ್ತಾದ ಸ್ವಯಂಸೇವಕಿ ಕೊನೆಯ ದಿನದವರೆಗೂ ನಿಲ್ಲುತ್ತಾಳೆ.

ಕಾನೂನನ್ನು ವಕೀಲರಿಗೆ ಬಿಟ್ಟು ನಿಶ್ಚಿಂತರಾಗುವಂತಿಲ್ಲ. ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅಭಿಮಾನದಿಂದ ಸ್ವಂತ ದುಡ್ಡು ಹಾಕಿ ಅವರ ಪ್ರಚಾರಕ್ಕೆ ಕರಪತ್ರ ಹಾಕಿಸುವುದು, ಸಭೆ ಮಾಡಿಸುವುದು ಕೂಡ ಅಪರಾಧ. ಅನುಮತಿ ಇದ್ದರೆ ಆ ಖರ್ಚು ಅವರ ಲೆಕ್ಕಕ್ಕೆ ಸೇರುತ್ತದೆ, ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟಾಚರಣೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದಕ್ಕೆ ಮತದಾರರ ಧರ್ಮ, ಜಾತಿಯೂ ಸೇರುತ್ತದೆಂದು ಬಹುಮತದಿಂದ ಹೇಳಿತು. ನಮ್ಮಲ್ಲಿ ದೇವಸ್ಥಾನದ ಮುಂದೆ ಆಣೆ ಮಾಡಿಸುವ ರೂಢಿಯಿದೆ. ಹಾಕದಿದ್ದರೆ ದೇವರು ಮುನಿಯುತ್ತಾನೆ ಎಂದು ನಂಬಿಸುವುದನ್ನು ಕಾಯ್ದೆ ಅನುಚಿತ ಪ್ರಭಾವವೆಂದೇ ಕರೆಯುತ್ತದೆ. ಎದುರಿನವರು ಹಣ, ಸೀರೆ, ಕುಕ್ಕರ್ ಹಂಚುತ್ತಿದ್ದರೆ ನೀವೂ ಹಂಚಲು ಹೋಗಬೇಡಿ. ಚುನಾವಣಾ ಆಯೋಗದ ಸಿ-ವಿಜಿಲ್ ಆ್ಯಪಿನಲ್ಲಿ ಫೋಟೊ ಸಮೇತ ದೂರು ಕೊಡಿ. ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲುತ್ತದೆ, ಕ್ಷೇತ್ರದ ಮತದಾರರಲ್ಲದ ಕಾರ್ಯಕರ್ತರು ಹೊರಗೆ ಹೋಗಬೇಕು. ಆಗ ಸದ್ದಿಲ್ಲದ ಮನೆಭೇಟಿ ಮಾತ್ರ ಉಳಿಯುತ್ತದೆ. ಬೀದಿಯವರೇ ಕಟ್ಟಿದ ತಂಡದ ಬೆಲೆ ಗೊತ್ತಾಗುವುದು ಆ ಎರಡು ದಿನ.

85 ವರ್ಷ ದಾಟಿದವರು ಮತ್ತು ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರು ಮನೆಯಿಂದಲೇ ಮತ ಹಾಕಬಹುದು. ಅದಕ್ಕೆ ನಮೂನೆ 12ಡಿಯನ್ನು ಅಧಿಸೂಚನೆ ಹೊರಟ ಐದು ದಿನದೊಳಗೆ ಕೊಡಬೇಕು. ಈ ಐದು ದಿನ ತಪ್ಪಿ ಮನೆಯಲ್ಲೇ ಉಳಿಯುವ ಹಿರಿಯರು ಬಹಳ. ಮೊದಲ ಸುತ್ತಿನಲ್ಲೇ ಅವರ ಹೆಸರು ಗುರುತಿಸಿಕೊಳ್ಳಿ.

ಮತದಾನದ ದಿನದ ಕೆಲಸ ಬೆಳಗಿನ ಜಾವ ಶುರು. ಮತದಾನ ಏಳಕ್ಕಾದರೆ ಅಣಕು ಮತದಾನ ಐದೂವರೆಗೆ. ನಿಮ್ಮ ಏಜೆಂಟರು ತಮ್ಮ ನೇಮಕದ ನಮೂನೆ 10ರೊಂದಿಗೆ ಆ ಹೊತ್ತಿಗೆ ಒಳಗಿರಬೇಕು. ಕನಿಷ್ಠ 50 ಮತ ಒತ್ತಿ, ಎಣಿಸಿ, ವಿವಿಪ್ಯಾಟ್ ಚೀಟಿಗಳೊಂದಿಗೆ ತಾಳೆ ನೋಡಿ, ಯಂತ್ರವನ್ನು ಖಾಲಿ ಮಾಡುವವರೆಗೂ ಕಣ್ಣಿಟ್ಟು ನೋಡಬೇಕು. ಆಗ ನಿದ್ದೆ ಮಾಡಿ, ಸಂಜೆ ಯಂತ್ರದ ಮೇಲೆ ದೂರು ಹೇಳುವುದು ನ್ಯಾಯವಲ್ಲ. ಹೊರಗೆ, ಮತಗಟ್ಟೆಯ 100 ಮೀಟರ್ ಒಳಗೆ ಮತ ಕೇಳುವಂತಿಲ್ಲ; ನಿಮ್ಮ ಮೇಜೂ ಆ 100 ಮೀಟರಿನ ಆಚೆ ಇರಬೇಕು. ಅಲ್ಲಿ ಕೊಡುವ ಚೀಟಿ ಬಿಳಿ ಕಾಗದದ್ದು. ಮತದಾರರ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ ಇರಬಹುದು, ಅಭ್ಯರ್ಥಿಯ ಹೆಸರು, ಚಿಹ್ನೆ ಇರಕೂಡದು. ಮತದಾರರನ್ನು ಕರೆತರಲು ಆಟೊ, ಟೆಂಪೊ ಮಾಡುವುದು ನಿಷಿದ್ಧ. ನಡೆಯಲಾರದವರಿಗೆ ಆಯೋಗವೇ ಗಾಲಿಕುರ್ಚಿ ಇಡುತ್ತದೆ, ಅದನ್ನು ಕೇಳಿ ಪಡೆಯಿರಿ.

ಹನ್ನೊಂದು ಗಂಟೆಗೆ, ಎರಡಕ್ಕೆ, ನಾಲ್ಕಕ್ಕೆ ನಿಮ್ಮವರೆಂದು ಗುರುತು ಹಾಕಿದ ಮನೆಗಳಲ್ಲಿ ಯಾರು ಬಂದಿಲ್ಲ ಎಂದು ನೋಡಿ, ಆ ಮನೆಯ ಹೊಣೆ ಹೊತ್ತವರೇ ಹೋಗಿ ಕರೆಯಬೇಕು. “ಮಧ್ಯಾಹ್ನ ಊಟವಾದ ಮೇಲೆ ಬರ್ತೀನಿ ಅಂದಿದ್ರಲ್ಲ ಅಣ್ಣ” ಎನ್ನುವ ಹಕ್ಕು ಹಿಂದಿನ ವಾರ ಆ ಮಾತು ಕೇಳಿಸಿಕೊಂಡವರಿಗೆ ಮಾತ್ರ ಇರುತ್ತದೆ. ಮುಗಿದ ಮೇಲೆ ಎಷ್ಟು ಮತ ಬಿದ್ದವು ಎಂಬ ಲೆಕ್ಕವಿರುವ ನಮೂನೆ 17ಸಿಯ ಪ್ರತಿಯನ್ನು ಮತಗಟ್ಟೆ ಅಧಿಕಾರಿಯಿಂದ ಪಡೆಯದೆ ಏಜೆಂಟರು ಏಳಬಾರದು. ಎಣಿಕೆಯ ದಿನ ಮೇಜಿನ ಮುಂದೆ ಕೂರುವವರಿಗೆ ತಾಳೆ ನೋಡಲು ಆ ಹಾಳೆ ಬೇಕೇ ಬೇಕು.

ಫಲಿತಾಂಶ ಏನೇ ಬರಲಿ, ವಾರದೊಳಗೆ ಮತ್ತೆ ಆ ನೂರು ಮನೆಗಳಿಗೆ ಹೋಗಿ ಬನ್ನಿ. ಬರೆದುಕೊಂಡ ದೂರುಗಳನ್ನು, ಗೆದ್ದವರು ಬೇರೆ ಪಕ್ಷದವರಾದರೂ, ಅವರ ಕಚೇರಿಗೆ ಮುಟ್ಟಿಸಿ. ಚುನಾವಣೆಗೊಮ್ಮೆ ಬರುವವರು ಎಂಬ ಹೆಸರು ಪಕ್ಷಗಳಿಗಿದೆ. ಸ್ವಯಂಸೇವಕರಿಗೆ ಅದು ಬರಬಾರದು.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ಇಂದು ಮನೆಗೆ ಹೋದ ಮೇಲೆ ಆಯೋಗದ ಜಾಲತಾಣದಲ್ಲಿ ನಿಮ್ಮ ಭಾಗದ ಮತದಾರರ ಪಟ್ಟಿಯನ್ನು ಇಳಿಸಿಕೊಳ್ಳಿ. ಮೊದಲು ನಿಮ್ಮ ಹೆಸರು ನೋಡಿ, ಆಮೇಲೆ ಮನೆಯವರದ್ದು, ಆಮೇಲೆ ಎಡಬಲದ ಹತ್ತು ಮನೆಯವರದ್ದು. ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ಈ ವಾರವೇ ನಮೂನೆ 6 ತುಂಬಿಸಿಕೊಡಿ.